ಮೊದಲು ಗೆರೆ, ಆಮೇಲೆ ಚುಕ್ಕಿ

ಹೊಸನಗರ
೧೮ ಜನವರಿ ೨೦೨೫

ಪ್ರೀತಿಯ ಭವ್ಯಕ್ಕಾ,

ಹೇಗಿದ್ದೀಯ? ತೀರ್ಥಹಳ್ಳಿ ಹಾಸ್ಟೆಲ್ಲಿನ ಊಟಕ್ಕೆ ಹೊಟ್ಟೆ ಒಗ್ಗಿತಾ? ಅಮ್ಮನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಫೋನ್ ಮಾಡಿದರೆ ಸ್ಪೀಕರ್ ಹಾಕಿ ಮನೆಮಂದಿಗೆಲ್ಲ ಕೇಳಿಸುತ್ತಾಳೆ. ಅದಕ್ಕೇ ಈ ಕಾಗದ.

ನೀನೂ ಓದಿದ ನಮ್ಮ ಕಾಲೇಜಿನ ಲ್ಯಾಬ್ ಅಂದರೆ ನನಗೆ ಹೇಸಿಗೆ ಹುಟ್ಟಿಬಿಟ್ಟಿದೆ. ಬರುವ ಶುಕ್ರವಾರ ಸೆಕೆಂಡ್ ಪಿಯು ಪ್ರಾಕ್ಟಿಕಲ್ ಪರೀಕ್ಷೆ. ನಿನ್ನೆ ಓಮ್‌ನ ನಿಯಮದ ಪ್ರಯೋಗವಿತ್ತು. ಬ್ಯಾಟರಿ, ಕೀ, ರಿಯೋಸ್ಟಾಟ್, ಆಮ್ಮೀಟರ್ ಒಂದೇ ಸಾಲಿಗೆ, ವೋಲ್ಟ್‌ಮೀಟರ್ ತಂತಿಯ ಎರಡು ತುದಿಗೆ. ಕಿಲುಬು ಹಿಡಿದ ವೈರುಗಳನ್ನು ಮರಳುಕಾಗದದಲ್ಲಿ ಉಜ್ಜಿ ನಾನೊಬ್ಬಳೇ ಜೋಡಿಸಿದೆ. ಉಳಿದವರೆಲ್ಲ ಕಿಟಕಿ ಹತ್ತಿರ ಕೂತು ಹಳೇ ರೆಕಾರ್ಡೊಂದನ್ನು ನಕಲು ಹೊಡೆಯುತ್ತಿದ್ದರು. ರಟ್ಟು ಹೋಗಿ, ಹೆಸರಿನ ಹಾಳೆಯೂ ಹೋಗಿ, ನಾಲ್ಕೈದು ವರ್ಷದಿಂದ ಬ್ಯಾಚಿನಿಂದ ಬ್ಯಾಚಿಗೆ ದಾಟುತ್ತಿರುವ ಪುಸ್ತಕ ಅದು. ದೀಪ್ತಿ ಗ್ರಾಫ್ ಹಾಳೆಗೆ ಮೊದಲು ಸ್ಕೇಲಿಟ್ಟು ಗೆರೆ ಎಳೆದಳು, ಆಮೇಲೆ ಗೆರೆಯ ಮೇಲೆ ಚುಕ್ಕಿ ಇಟ್ಟಳು. ಇಲ್ಲಿ ಅದೇ ಪದ್ಧತಿಯಂತೆ.

ನನ್ನ ವೋಲ್ಟ್‌ಮೀಟರ್ ಮುಳ್ಳು ಸರಿಯಾಗಿಯೇ ಏರಿತು. ಆಮ್ಮೀಟರ್ ಮುಳ್ಳು ಮಾತ್ರ 0.2ರ ಮೇಲೆ ಕೂತದ್ದು ಕೀ ತೆಗೆದರೂ ಅಲ್ಲಾಡಲಿಲ್ಲ. ಲ್ಯಾಬಿನಲ್ಲಿರುವುದೇ ಅದೊಂದು. ತಿರುಗಿಸಿ ನೋಡಿದರೆ ಹಿಂದೆ ಚೀಟಿ ಅಂಟಿಸಿದ್ದಾರೆ: ಕೆಟ್ಟಿದೆ, 2018. ಸರ್‌ಗೆ ತೋರಿಸಿದೆ. ತಲೆ ಕೂಡ ಎತ್ತದೆ, "ಗೆರೆ ನೆಟ್ಟಗೆ ಬಂದ್ರೆ ಸಾಕಲ್ಲ ಮಾರಾಯ್ತಿ, ನಿಂಗೊಬ್ಳಿಗೆ ಯಾಕೆ ತಲೆಬಿಸಿ?" ಅಂದರು. ಅವರ ಸಹಿ ಬೇಡುವುದೇ ಅಸಹ್ಯ ಅನ್ನಿಸಿತು. ರೀಡಿಂಗ್ ಬರೆಯುವ ಜಾಗದಲ್ಲಿ 'ಆಮ್ಮೀಟರ್ ಕೆಟ್ಟಿದೆ' ಅಂತ ಬರೆದುಕೊಟ್ಟೆ. ಸಹಿ ಹಾಕಲಿಲ್ಲ. ಸಹಿ ಇಲ್ಲದ ರೆಕಾರ್ಡ್ ತಂದರೆ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ದೀಪಾವಳಿಗೆ ಬಂದಾಗ ನಿನ್ನ ಬಿ.ಎಡ್. ಪಾಠವನ್ನು ನನ್ನೆದುರು ಒಪ್ಪಿಸುತ್ತಾ, "ಕಣ್ಣಾರೆ ಕಂಡಿದ್ದನ್ನೇ ಬರೀಬೇಕು ಕಣೇ" ಅಂದಿದ್ದೆಯಲ್ಲ, ಅದನ್ನೇ ಹಿಡಿದು ಕೂತಿದ್ದೇನೆ.

ಅಪ್ಪ ಅಮ್ಮನ ಆಶೀರ್ವಾದಗಳು. ನಿನ್ನ ಹಾಸಿಗೆಯಲ್ಲಿ ಈಗ ಬೆಕ್ಕು ಮಲಗುತ್ತದೆ.

ನಿನ್ನ ತಂಗಿ,
ಶರಾವತಿ

ಮರೆತಿದ್ದೆ ಅಂತಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಸಂಜೆ ಆ ಹಳೇ ರೆಕಾರ್ಡನ್ನು ನಾನೂ ತೆಗೆದು ನೋಡಿದೆ. ಓಮ್‌ನ ನಿಯಮದ ಪುಟದಲ್ಲಿ ಆರು ರೀಡಿಂಗ್, 7 ಬಂದಲ್ಲೆಲ್ಲ ನಡುವೆ ಅಡ್ಡ ಗೀಟು. ಏಳರ ನಡುವೆ ಗೀಟು ಹಾಕುವವಳು ನನಗೆ ಗೊತ್ತಿರುವಂತೆ ಒಬ್ಬಳೇ. ತಾರೀಕು ಜನವರಿ 2020, ಮೀಟರ್ ಕೆಟ್ಟು ಎರಡು ವರ್ಷವಾದ ಮೇಲೆ. ಯಾರಿಗೂ ಹೇಳಿಲ್ಲ. ಗುರುವಾರದೊಳಗೆ ಬಸ್ಸಿನ ಕಂಡಕ್ಟರ್ ಕೈಲಿ ಒಂದು ಸಾಲು ಕಳಿಸು: ಆ ಆರು ರೀಡಿಂಗ್ ನಿನಗೆ ಎಲ್ಲಿಂದ ಬಂದವು, ಮತ್ತೆ ನಾನೂ ಅವನ್ನೇ ಬರೆಯಲಾ?