ಅಂಡಮಾನಿನಲ್ಲಿ ಜವಳ

ಸದರ್, ನಾಗಪುರ
ಮಾರ್ಚ್ ೧೯೮೬

ಅಣ್ಣಾ,

ನೀನು ಬೇಡವೆಂದವರನ್ನು ಮದುವೆಯಾದ ಮೇಲೆ ನನ್ನ ಕಾಗದಗಳನ್ನು ನೀನು ಒಡೆಯುವುದಿಲ್ಲ. ಇದನ್ನು ಅಂಚೆಗೂ ಹಾಕುವುದಿಲ್ಲ. ಆದರೂ ಹೇಳುತ್ತೇನೆ, ನನ್ನ ಮಗ ಶಾಮನ ಜವಳ ಆಯಿತು.

ಇವರ ಆಫೀಸಿನಿಂದ ರಜೆಯ ಪ್ರವಾಸ ಸಿಕ್ಕಿತ್ತು. ಮದ್ರಾಸಿನಲ್ಲಿ ಹಡಗು ಹತ್ತಿ ಅಂಡಮಾನಿಗೆ ಹೋಗಿದ್ದೆವು. ಎರಡು ವರ್ಷದ ಹುಡುಗ ದಿನವೆಲ್ಲ ಸಮುದ್ರದ ದಂಡೆಯಲ್ಲಿ ಹೊರಳಾಡಿದ. ಸೋದರಮಾವನ ತೊಡೆಯ ಮೇಲೆ ತೆಗೆಸಬೇಕೆಂದು ನಾನು ಕತ್ತರಿ ಮುಟ್ಟಿಸದೆ ಬಿಟ್ಟಿದ್ದ ಕೂದಲು ಉಪ್ಪುನೀರಿಗೂ ಮರಳಿಗೂ ಗಂಟುಗಟ್ಟಿತು. ಬಾಚಣಿಗೆ ಕಂಡರೆ ಅಳತೊಡಗಿದ.

“ಇನ್ನ ಎಷ್ಟ ದಿನ ನಿಮ್ಮಣ್ಣನ ದಾರಿ ಕಾಯ್ತಿ? ನಡಿ,” ಎಂದರು ಇವರು.

ಅಲ್ಲಿಯ ಕ್ಷೌರಿಕ ಇದು ಮೊದಲ ಕೂದಲೆಂದು ನೋಡಿದೊಡನೆ ತಿಳಿದ. “ಬಚ್ಚೇ ಕಾ ಮಾಮಾ ಕಹಾಂ ಹೈ?” ಮಗುವಿನ ಸೋದರಮಾವ ಎಲ್ಲಿ ಎಂದು ಕೇಳಿದ.

ಹೊರಗಿನವರೆದುರು ಬಾಯಿ ಬಿಡದ ನಾನು, “ಮೈ ಬೈಠೂಂಗೀ,” ಎಂದು ಮಗನನ್ನು ನನ್ನ ತೊಡೆಯ ಮೇಲೆಯೇ ಕೂರಿಸಿಕೊಂಡೆ. ಕೂದಲನ್ನು ಸಮುದ್ರಕ್ಕೆ ಬಿಟ್ಟೆವು. ಯಾವ ಕೇಡೂ ಆಗಲಿಲ್ಲ.

ಏಳುವಾಗ ಆ ಕ್ಷೌರಿಕ ಬಿಸ್ಕತ್ತು ತೋರಿಸಿ, “ಬೋಲೋ, ಮಾಮಾ,” ಎಂದ. ಶಾಮ “ಮಾಮಾ” ಎಂದ. ಯಾರನ್ನಾದರೂ ಅವನು ಹಾಗೆ ಕರೆದದ್ದು ಅದೇ ಮೊದಲು.

ನಾನು ತಿದ್ದಲಿಲ್ಲ.

ತುಂಗಾ