ಹಟ್ಟಿ ಒಪ್ಪಿದ ಪಾಠ

ಜುಲೈ 9, ಮಂಗಳವಾರ

ಮೂರನೆಯ ಸಲ ಹಟ್ಟಿಗೆ. ಕಂದಿಕೆರೆಯಲ್ಲಿ ಬಸ್ಸಿಳಿದು ತೆಂಗಿನ ತೋಟಗಳ ನಡುವೆ ಎರಡು ಕಿಲೋಮೀಟರ್. ಹುಡುಗಿಯರಿಗೆ ಪಾಠ — ಮುಟ್ಟು, ಮೈಯ ಬದಲಾವಣೆ, ಗರ್ಭ. ಆಸ್ಪತ್ರೆಯ ಚಾರ್ಟು ಕಂಕುಳಲ್ಲಿ. ಹಟ್ಟಿಯ ಯಜಮಾನ ಚಿತ್ತಣ್ಣ ಅದನ್ನು ಬಿಚ್ಚಲು ಬಿಡಲಿಲ್ಲ. ಮದುವೆಯಾದ ಮೇಲೆ ತಾನಾಗಿ ತಿಳಿಯುತ್ತದೆ ಎಂದರು. ಕೋಪವಿರಲಿಲ್ಲ. ಮಜ್ಜಿಗೆ ಕೊಡಿಸಿದರು.

ದಾರಿ ತೋರಿಸಿದ್ದು ಮುದುಕಿ ರಂಗಕ್ಕ. ಮುಟ್ಟಾದವರು ಮೂರು ದಿನ ಇರುವ ಗುಡಿಸಲು ಹಟ್ಟಿಯಾಚೆ, ತೋಟದಂಚಿನಲ್ಲಿದೆ.

"ಅಲ್ಲಿಗ್ ಯಾವ್ ಗಂಡ್ಸೂ ಬರಾಕಿಲ್ಲ ಕಣವ್ವ. ಹೊರ್ಗಾದ ಹುಡ್ಗೀರ್ಗೆ ಅಲ್ಲೇ ಹೇಳ್ಕೊಡು. ಮುಟ್ಟಿಂದ್ ಮಾತ್ರ. ಬಸುರಿಂದು ಬ್ಯಾಡ."

ಆರೋಗ್ಯ ಕೇಂದ್ರದವಳಾಗಿ ಆ ಗುಡಿಸಲೇ ಕೂಡದು ಎಂದು ಹೇಳಬೇಕಾದವಳು ನಾನು. ಒಪ್ಪಿಕೊಂಡೆ.

ಜುಲೈ 16, ಮಂಗಳವಾರ

ಮೊದಲ ಪಾಠ. ಮೂವರು. ಅವರಲ್ಲಿ ರಂಗಕ್ಕನ ಮೊಮ್ಮಗಳು ಕೋಮಲಾ — ಹದಿನಾರು, ಎಸ್ಸೆಸ್ಸೆಲ್ಸಿ ಫಸ್ಟ್ ಕ್ಲಾಸ್. ಹೆಣೆದ ತೆಂಗಿನ ಗರಿಯ ಮೇಲೆ ಕೂತೆವು. ಚಾರ್ಟಿನ ಕೆಳಗಿನ ಅರ್ಧ, ಗರ್ಭದ ಭಾಗ, ಮಡಚಿ ಪಿನ್ ಹಾಕಿದ್ದೆ. ಕೊಟ್ಟ ಮಾತು.

ತಿಂಗಳು ತಪ್ಪಿದರೆ ಏನು ಎಂದು ಕೋಮಲಾ ಕೇಳಿದಳು. ರಕ್ತ ಕಡಿಮೆಯಿದ್ದರೂ ತಪ್ಪುತ್ತದೆ ಎಂದೆ. ಐರನ್ ಮಾತ್ರೆ ಕೊಟ್ಟೆ. ಗೆಳತಿಗಾಗಿ ಕೇಳಿರಬೇಕು, ಅವಳೇ ಮುಟ್ಟಾಗಿ ಕೂತಿದ್ದಾಳಲ್ಲ. ರಿಜಿಸ್ಟರಿನಲ್ಲಿ ಮೂವರ ಮುಂದೂ: ನಿಯಮಿತ.

ಸಂಜೆ ಅನುವಾದದ ಕಾದಂಬರಿ, ಮೂವತ್ತು ಪುಟ ಓದಿದೆ. ಒಂದು ಅಡಿಟಿಪ್ಪಣಿ — ಈ ಪದ್ಧತಿಗೆ ನಮ್ಮಲ್ಲಿ ಸಮಾನವಾದುದಿಲ್ಲ. ಪ್ರಾಮಾಣಿಕ ಅನುವಾದಕ.

ಆಗಸ್ಟ್ 13, ಮಂಗಳವಾರ

ಐವರು. ಕೋಮಲಾಗೆ ಸರಿಯಾಗಿ ಇಪ್ಪತ್ತೆಂಟು ದಿನ. ಪ್ಯಾಡ್ ಬೇಡ, ಬಟ್ಟೆಯೇ ಸಾಕು ಎಂದಳು.

"ಇವ್ಳು ಕ್ಯಾಲೆಂಡ್ರು ನೋಡ್ಕಂಡೇ ಹೊರ್ಗಾಗದು ಕಣ್ರೀ" ಎಂದು ಪಕ್ಕದವಳು ಛೇಡಿಸಿದಳು. ಎಲ್ಲರೂ ನಕ್ಕೆವು.

ನಿಯಮಿತ.

ಸೆಪ್ಟೆಂಬರ್ 11, ಬುಧವಾರ, ಬೆಳಿಗ್ಗೆ 11

ಕೋಮಲಾ ಇಲ್ಲ.

ಭಾನುವಾರ ಗುಡಿಸಲಿಗೆ ಹೋಗಿದ್ದಾಳೆ, ಒಬ್ಬಳೇ. ಯಾರೋ ಪೇಟೆಯಿಂದ ತಂದುಕೊಟ್ಟ ಮಾತ್ರೆ ನುಂಗಿದ್ದಾಳೆ. ಊಟದ ತಟ್ಟೆ ಹೊರಗಿಟ್ಟು ಬರುವುದು ಪದ್ಧತಿ. ನರಳಿದ್ದು ಕೇಳಿಸಿದರೂ ಹೊಟ್ಟೆನೋವು ಇದ್ದದ್ದೇ ಅಂದುಕೊಂಡರಂತೆ. ನಿನ್ನೆ ತಟ್ಟೆ ಹಾಗೇ ಇದ್ದದ್ದು ಕಂಡು ಬಾಗಿಲು ತಳ್ಳಿದ್ದಾರೆ. ತಿಪಟೂರು ಸೇರುವ ಮೊದಲೇ, ಆಂಬ್ಯುಲೆನ್ಸಿನಲ್ಲಿ...

ಹದಿನೈದು ವಾರದ ಬಸುರು ಎಂದರು ಡಾಕ್ಟರ್. ಎಣಿಸಿದೆ. ಮೊದಲ ಪಾಠದ ದಿನ ಏಳು ವಾರ. ಯಾರು ಯಾವಾಗ ಹೊರಗಾದರೆಂದು ಹಟ್ಟಿಯ ಹೆಂಗಸರು ನೆನಪಿಡುತ್ತಾರೆ. ಅದಕ್ಕೇ ಸುಳ್ಳು ಮುಟ್ಟಾಗಿ ಬಂದು ಕೂತಿದ್ದಾಳೆ. ಎರಡು ಸಲ, ನನ್ನೆದುರು. ಎರಡು ಸಲವೂ ನನ್ನ ಅಕ್ಷರ.

ಸೆಪ್ಟೆಂಬರ್ 24, ಮಂಗಳವಾರ

ರಂಗಕ್ಕ ಆರೋಗ್ಯ ಕೇಂದ್ರಕ್ಕೆ ಬಂದಿದ್ದರು. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತರು.

"ಹೋದ್ ತಿಂಗ್ಳು ಅವ್ಳು ಬಟ್ಟೆ ಒಗ್ದು ಒಣಾಕಿರ್ಲಿಲ್ಲ. ಕಂಡಿದ್ದೆ. ಮನೆ ಮರ್ವಾದೆ ಅಂತ ಸುಮ್ಕಿದ್ದೆ."

ತಿಂಗಳು ತಪ್ಪುವ ಬಗ್ಗೆ ನನ್ನನ್ನು ಕೇಳಿದ್ದಳು ಎಂದು ನಾನೂ ಹೇಳಬೇಕಿತ್ತು. ಹೇಳಲಿಲ್ಲ.

ಏಳುವಾಗ ಅಂದರು: "ಎಲ್ಲಾನೂ ಹೇಳ್ಬುಡು ಕಣವ್ವ. ಬಸುರಿಂದೂವೆ. ಚಿತ್ತಣ್ಣ ಒಪ್ಪವ್ನೆ. ಹಟ್ಟಿ ಒಳ್ಗೇ ಹೇಳು."

ಅಕ್ಟೋಬರ್ 1, ಮಂಗಳವಾರ

ಹಟ್ಟಿಯ ನಡುವೆ, ಹೊಂಗೆ ಮರದಡಿ. ಹತ್ತೊಂಬತ್ತು ಹುಡುಗಿಯರು, ಹಿಂದೆ ತಾಯಂದಿರು. ಚಿತ್ತಣ್ಣ ಮರಕ್ಕೆ ಮೊಳೆ ಹೊಡೆದುಕೊಟ್ಟು ತಲೆ ತಗ್ಗಿಸಿ ಹೊರಟರು. ಚಾರ್ಟು ಪೂರ್ತಿ ಬಿಚ್ಚಿದೆ. ಒಂದೂವರೆ ಗಂಟೆ. ಒಬ್ಬರೂ ಎದ್ದು ಹೋಗಲಿಲ್ಲ. ಯಾರೂ ನಗಲೂ ಇಲ್ಲ.

ಅಕ್ಟೋಬರ್ 3, ಗುರುವಾರ

ತಾಲ್ಲೂಕಿನಿಂದ ಫಾರ್ಮ್. ಈ ಹಟ್ಟಿ ಮಾದರಿಯಂತೆ. ಬೇರೆ ಹಟ್ಟಿಗಳಿಗೂ ತೋರಿಸುತ್ತಾರಂತೆ. ಕಾಲಂ ಆರು — ಸಮುದಾಯದ ಒಪ್ಪಿಗೆ ಪಡೆದ ವಿಧಾನ, ಎರಡು ಸಾಲು.

'ಹಿರಿಯರ ಮನವೊಲಿಸಿ' ಎಂದು ಬರೆದೆ. ಹೊಡೆದುಹಾಕಿದೆ.

ಮತ್ತೆ ಬರೆದೆ. ಕೋಮಲಾ, ಹದಿನಾರು ವರ್ಷ. ಇವಳನ್ನು ನಾವು — ಎರಡು ಸಾಲು ಅಲ್ಲಿಗೇ ಮುಗಿದವು.