ಪಾಸ್‌ಪೋರ್ಟಿನಲ್ಲಿ ಮೀನಿನ ಮುದ್ರೆ

ರೀ,

ನಿಮ್ಮ ಪಾಸ್‌ಪೋರ್ಟ್ ಹಿಡಿದುಕೊಂಡು ನಮ್ಮ ರಾಯಭಾರ ಕಚೇರಿಯಲ್ಲಿ ಸಾಲು ನಿಲ್ಲಲು ಹೊರಟಿದ್ದೇನೆ. ಮ್ಯೂಸಿಯಂನಲ್ಲಿ ಮಕ್ಕಳ ಆಟಕ್ಕೆಂದು ಇಟ್ಟಿದ್ದ ಮೀನಿನ ಮುದ್ರೆಯನ್ನು ವೀಸಾ ಪುಟಕ್ಕೆ ಯಾರಾದರೂ ಒತ್ತುತ್ತಾರೆಯೇ? ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು ಅನ್ನೋ ಹಾಗೆ, ನನ್ನದಕ್ಕೂ ಒತ್ತಲು ಬಂದಿರಿ! ನಿನ್ನೆ ಗಡಿಯಲ್ಲಿ ಆ ಅಧಿಕಾರಿ "ಇದೇನು ಚಿತ್ರದ ಪುಸ್ತಕಾನಾ?" ಅಂದಾಗ ನೀವು ನಕ್ಕಿರಲ್ಲ, ಮೈಯೆಲ್ಲ ಉರಿದುಹೋಯಿತು.

ಗಡ್ಡ ಬೋಳಿಸಿ, ಹೊಸ ಪಾಸ್‌ಪೋರ್ಟಿಗೆ ಫೋಟೊ ತೆಗೆಸಿಕೊಂಡು ಹತ್ತು ಗಂಟೆಯೊಳಗೆ ಅಲ್ಲಿಗೇ ಬನ್ನಿ. ಫೋಟೊದಲ್ಲಿ ಹಲ್ಲು ಕಿರಿಯಬೇಡಿ. ಒಲೆಯ ಮೇಲೆ ಅನ್ನವಿದೆ, ತಿಂದೇ ಹೊರಡಿ.

ಗಡಿಯ ಆ ಅಧಿಕಾರಿ ಈ ದೇಶದಲ್ಲಿರಲು ನನಗೆ ಮೂರು ತಿಂಗಳು ಕೊಟ್ಟ, ನಿಮಗೆ ಹತ್ತೇ ದಿನ. ನಿಮ್ಮನ್ನು ಕಳಿಸಿಬಿಟ್ಟರೆ ನಾನು ಇಲ್ಲಿ ಯಾರ ಮೇಲೆ ರೇಗಲಿ?